‘ಸರ್ವರ್ ಇಲ್ಲ’ ಎನ್ನುವ ಮೊದಲು: ಐಪಿವಿ6 ಇಲ್ಲದ ಜಾಲದಲ್ಲಿ ಹೆಸರು ಹುಡುಕುವ ತೊಡಕು

ಅಂತರಜಾಲದಲ್ಲಿ ಯಾವ ತಾಣ ತೆರೆಯಬೇಕಾದರೂ ಮೊದಲು ಅದರ ಹೆಸರಿಗೆ ಹೊಂದುವ ಸಂಖ್ಯೆ ಸಿಗಬೇಕು. ಕಡಬದ ಕೃಷಿಕರೊಬ್ಬರು ಪಹಣಿ ನೋಡಲು ಲ್ಯಾಂಡ್‌ರೆಕಾರ್ಡ್ಸ್.ಕರ್ನಾಟಕ.ಗವ್.ಇನ್ ಎಂದು ಬರೆದರೆ, ಆ ಅಕ್ಷರಗಳನ್ನು ಹಿಡಿದುಕೊಂಡು ಮೊಬೈಲ್ ಎಲ್ಲಿಗೂ ಹೋಗಲಾರದು. ಆ ಹೆಸರಿನ ಯಂತ್ರ ಯಾವ ಸಂಖ್ಯೆಯ ವಿಳಾಸದಲ್ಲಿದೆ ಎಂದು ಅದು ಇನ್ನೊಂದು ಯಂತ್ರವನ್ನು ಕೇಳಬೇಕು, ಉತ್ತರ ಬಂದ ಮೇಲೆ ಆ ಸಂಖ್ಯೆಗೆ ಕರೆ ಕಳುಹಿಸಬೇಕು. ಈ ಹುಡುಕಾಟದ ವ್ಯವಸ್ಥೆಗೆ ಡೊಮೇನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್, ಎಂದು ಹೆಸರು. ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಮುಗಿಯುವ ಕೆಲಸವಾದ್ದರಿಂದ ಅದು ನಡೆದದ್ದೇ ಯಾರಿಗೂ ತಿಳಿಯುವುದಿಲ್ಲ. ಅದು ಎಲ್ಲಾದರೂ ತಡೆದು ನಿಂತಾಗ ಮಾತ್ರ ಮನೆಯಲ್ಲಿ ‘ನೆಟ್ ಇಲ್ಲ’ ಎಂದೂ ಪಂಚಾಯತ್ ಕಚೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ‘ಸರ್ವರ್ ಇಲ್ಲ’ ಎಂದೂ ಕೇಳಿಬರುತ್ತದೆ.

ಈ ಎರಡು ದೂರುಗಳ ಅಡಿಯಲ್ಲಿ ಹಲವು ಬಗೆಯ ದೋಷಗಳು ಸೇರಿಕೊಂಡಿರುತ್ತವೆ. ಫೈಬರ್ ತುಂಡಾಗಿರಬಹುದು, ಕರೆಂಟ್ ಹೋಗಿ ಟವರ್ ನಿಂತಿರಬಹುದು, ದೂರದ ಸರ್ವರ್ ನಿಜವಾಗಿಯೂ ಕೆಟ್ಟಿರಬಹುದು. ಆದರೆ ಲೈನ್ ಸರಿಯಿದ್ದು, ಸರ್ವರ್ ಸರಿಯಿದ್ದು, ನಡುವಿನ ಹೆಸರು ಹುಡುಕಾಟ ಮಾತ್ರ ಸಿಕ್ಕಿಕೊಂಡಿರುವ ಸಂದರ್ಭಗಳೂ ಇವೆ. ಅಂತರಜಾಲದ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಇನ್ನೂ ಬಾರದ ಜಾಲಗಳಲ್ಲಿ ಇಂಥ ತೊಡಕಿಗೆ ತನ್ನದೇ ಆದ ಲಕ್ಷಣಗಳಿವೆ. ಐಪಿವಿ6 ಇಲ್ಲದಿರುವುದೇ ಇಲ್ಲಿ ದೋಷವಲ್ಲ. ಐಪಿವಿ6 ವಿಳಾಸ ‘ಇಲ್ಲ’ ಎಂಬ ಉತ್ತರ ಸರಿಯಾಗಿಯೂ ಬೇಗನೆಯೂ ಬಾರದಿರುವುದು ದೋಷ. ಈ ವ್ಯತ್ಯಾಸ ತಿಳಿದರೆ ದುರಸ್ತಿಯ ಅರ್ಧ ಕೆಲಸ ಮುಗಿದಂತೆ.

ಹೆಸರಿನಿಂದ ಸಂಖ್ಯೆಗೆ

ಅಂತರಜಾಲದ ಆರಂಭದ ವರ್ಷಗಳಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ಸಂಖ್ಯೆ ಒಂದೇ ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಅದನ್ನು ಕಾಪಾಡುತ್ತಿತ್ತು, ಉಳಿದವರು ಅಲ್ಲಿಂದ ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಈ ಕ್ರಮ ಕೈಕೊಟ್ಟಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವಿನ್ಯಾಸವನ್ನು ಪ್ರಕಟಿಸಿದರು. 1987ರಲ್ಲಿ ಪರಿಷ್ಕೃತವಾದ ಅದರ ನಿಯಮಗಳೇ ಇಂದಿಗೂ ಬುನಾದಿ.

ಡಿಎನ್‌ಎಸ್‌ನ ಜೀವಾಳ ಅದರ ಶ್ರೇಣಿ. ಕಂದಾಯ ದಾಖಲೆಯಲ್ಲಿ ಒಂದು ಅಡಿಕೆ ತೋಟ ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಇಳಿಯುವ ಹಾಗೆಯೇ ಡೊಮೇನ್ ಹೆಸರನ್ನು ಬಲದಿಂದ ಎಡಕ್ಕೆ ಓದುತ್ತ ಇಳಿಯಬೇಕು. ಮೇಲ್ಗಡೆ ಎ ಇಂದ ಎಂ ವರೆಗೆ ಹೆಸರಿರುವ 13 ಮೂಲ ಸರ್ವರ್‌ಗಳಿವೆ, ಪ್ರತಿಯೊಂದಕ್ಕೂ ಜಗತ್ತಿನ ಹಲವೆಡೆ ಪ್ರತಿಗಳಿವೆ. ಅವು ‘ಇನ್’ ವಲಯದ ಸರ್ವರ್‌ಗಳ ಕಡೆ ಕೈತೋರುತ್ತವೆ. ಅಲ್ಲಿಂದ ‘ಗವ್.ಇನ್’, ಬಳಿಕ ‘ಕರ್ನಾಟಕ.ಗವ್.ಇನ್’, ಕೊನೆಗೆ ಬೇಕಾದ ಹೆಸರು. ಮನೆಯ ಕಂಪ್ಯೂಟರ್ ಈ ಮೆಟ್ಟಿಲುಗಳನ್ನೆಲ್ಲ ತಾನೇ ಇಳಿಯುವುದಿಲ್ಲ. ಅದರ ಪರವಾಗಿ ಓಡಾಡುವ ಸರ್ವರ್‌ಗೆ ರಿಸಾಲ್ವರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಸಂಪರ್ಕ ಕೊಟ್ಟ ಕಂಪನಿಯದ್ದು. ಕಂಪ್ಯೂಟರ್ ಮತ್ತು ರಿಸಾಲ್ವರ್ ನಡುವೆ ಮನೆಯ ರೌಟರ್ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಪ್ರಶ್ನೆ ಮೊದಲು ರೌಟರ್‌ಗೆ ಹೋಗಿ, ರೌಟರ್ ಅದನ್ನು ಮುಂದಕ್ಕೆ ದಾಟಿಸುತ್ತದೆ. ಮುಂದೆ ವಿವರಿಸುವ ದೋಷಗಳಲ್ಲಿ ಹಲವು ಹುಟ್ಟುವುದು ಈ ದಾಟಿಸುವ ಹಂತದಲ್ಲಿ.

ಒಮ್ಮೆ ಸಿಕ್ಕ ಉತ್ತರವನ್ನು ರಿಸಾಲ್ವರ್, ರೌಟರ್, ಕಂಪ್ಯೂಟರ್ ಎಲ್ಲವೂ ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಎಂಬುದನ್ನು ಉತ್ತರದ ಜೊತೆಗೇ ಬರುವ ಅವಧಿ ನಿರ್ಧರಿಸುತ್ತದೆ. ‘ಅಂಥ ಹೆಸರಿಲ್ಲ’ ಎಂಬ ಉತ್ತರವನ್ನೂ ನೆನಪಿಡಬೇಕು ಎಂದು 1998ರ ನಿಯಮ ಹೇಳುತ್ತದೆ. ಆದ್ದರಿಂದ ತಪ್ಪಾದ ‘ಇಲ್ಲ’ ಒಂದು ಬಂದರೆ, ದೋಷ ಸರಿಯಾದ ಮೇಲೂ ಅದು ಕೆಲ ಹೊತ್ತು ಕಾಡಬಹುದು.

ಎರಡು ತಲೆಮಾರಿನ ವಿಳಾಸಗಳು

ಇಂದು ಬಳಕೆಯಲ್ಲಿರುವ ಹಳೆಯ ವಿಳಾಸ ಪದ್ಧತಿ ಐಪಿವಿ4. ಅದರ ನಿಯಮ ಪ್ರಕಟವಾದದ್ದು 1981ರಲ್ಲಿ. 32 ಬಿಟ್‌ಗಳ ಈ ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ. ಇದು ಸಾಲದೆಂದು ಮುಂಗಂಡು 1995ರಲ್ಲಿ 128 ಬಿಟ್‌ಗಳ ಐಪಿವಿ6 ರೂಪಿಸಲಾಯಿತು. 2011ರ ಫೆಬ್ರವರಿ 3ರಂದು ಜಾಗತಿಕ ಸಂಗ್ರಹದ ಕೊನೆಯ ಐಪಿವಿ4 ಕಟ್ಟುಗಳು ಹಂಚಿಕೆಯಾದವು. ಅದೇ ಏಪ್ರಿಲ್‌ನಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಭಾಗದ ನೋಂದಣಿ ಸಂಸ್ಥೆಯೂ ತನ್ನ ಕೊನೆಯ ಕಟ್ಟಿಗೆ ಬಂದು ಮುಟ್ಟಿತು. 2012ರ ಜೂನ್ 6ರಂದು ದೊಡ್ಡ ತಾಣಗಳು ಐಪಿವಿ6 ಸೇವೆಯನ್ನು ಕಾಯಂ ಆಗಿ ಆರಂಭಿಸಿದವು.

ಭಾರತದ ದೂರಸಂಪರ್ಕ ಇಲಾಖೆ 2010ರ ಜುಲೈಯಲ್ಲಿ ಮೊದಲ ಐಪಿವಿ6 ಮಾರ್ಗಸೂಚಿಯನ್ನೂ 2013ರಲ್ಲಿ ಎರಡನೆಯದನ್ನೂ ಹೊರಡಿಸಿತು. ಗಡುವುಗಳು ಮುಂದೆ ಹೋಗುತ್ತ ಬಂದವು. 2016ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಜಿಯೊ 4ಜಿ ಮೊದಲಿನಿಂದಲೂ ಐಪಿವಿ6 ಬಳಸಿತು, ಉಳಿದ ಮೊಬೈಲ್ ಕಂಪನಿಗಳೂ ಅದೇ ದಾರಿ ಹಿಡಿದವು. ಹೀಗಾಗಿ ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. ತಂತಿ ಮತ್ತು ಫೈಬರ್ ಸಂಪರ್ಕಗಳ ಕತೆ ಮಾತ್ರ ಬೇರೆ. ಕಂಪನಿಯ ಜಾಲ, ಸ್ಥಳೀಯ ಆಪರೇಟರ್‌ನ ಉಪಕರಣ, ಮನೆಯ ಮೋಡೆಮ್ ಈ ಮೂರರಲ್ಲಿ ಒಂದು ಹಳೆಯದಾದರೂ ಐಪಿವಿ6 ಅಲ್ಲಿಗೇ ನಿಲ್ಲುತ್ತದೆ.

ವಿಳಾಸಗಳ ಕೊರತೆಯಿಂದಾಗಿ ಇಂಥ ಜಾಲಗಳಲ್ಲಿ ಅನೇಕ ಮನೆಗಳು ಒಂದೇ ಸಾರ್ವಜನಿಕ ಐಪಿವಿ4 ವಿಳಾಸವನ್ನು ಹಂಚಿಕೊಳ್ಳಬೇಕಾಗುತ್ತದೆ. ರೌಟರ್‌ನ ಹೊರಮುಖದ ವಿಳಾಸ 100.64 ಮತ್ತು 100.127ರ ನಡುವೆ ಆರಂಭವಾಗುತ್ತಿದ್ದರೆ ಆ ಮನೆ ಇಂಥ ಹಂಚಿಕೆಯಲ್ಲಿದೆ ಎಂದು ತಿಳಿಯಬಹುದು. ಹಂಚಿಕೊಡುವ ಉಪಕರಣ ಪ್ರತಿ ಪ್ರಶ್ನೆಯ ಲೆಕ್ಕವನ್ನೂ ಒಂದು ಪಟ್ಟಿಯಲ್ಲಿ ಇಡುತ್ತದೆ. ಎಲ್ಲರೂ ಫೋನ್ ಹಿಡಿಯುವ ಸಂಜೆಯ ಹೊತ್ತಿಗೆ ಆ ಪಟ್ಟಿ ತುಂಬಿದರೆ ಹೆಸರು ಹುಡುಕುವ ಪ್ರಶ್ನೆಗಳೂ ಕಳೆದುಹೋಗುತ್ತವೆ.

ಮೂರು ತಾಲ್ಲೂಕುಗಳ ಜಾಲ

ಇಂಥ ಜಾಲಗಳನ್ನು ಹತ್ತಿರದಿಂದ ನೋಡಲು ಮೂರು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. ಪುತ್ತೂರು, ಸುಳ್ಯ ಮತ್ತು ಈ ಎರಡೂ ತಾಲ್ಲೂಕುಗಳ ಗ್ರಾಮಗಳಿಂದ ರೂಪುಗೊಂಡ ಕಡಬ, ಪಶ್ಚಿಮ ಘಟ್ಟದ ತಪ್ಪಲಿನ ನೆಲ. ಕುಮಾರಧಾರಾ ಮತ್ತು ಪಯಸ್ವಿನಿ ಹರಿಯುವ ಈ ಭಾಗದಲ್ಲಿ ಗುಡ್ಡ, ಕಣಿವೆ, ದಟ್ಟ ತೋಟಗಳ ನಡುವೆ ಒಂದೊಂದೇ ಮನೆ. ಗುಡ್ಡ ಅಡ್ಡ ಬಂದರೆ ಟವರ್‌ನ ರೇಂಜ್ ಸಿಗದು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವಿಡೀ ಹರಡಿತ್ತು. ಆ ನಂತರದ ವರ್ಷಗಳಲ್ಲಿ ಫೈಬರ್ ಸಂಪರ್ಕ ಹಳ್ಳಿಗಳ ಒಳಗಿನವರೆಗೂ ಬಂದಿದೆ. ಬಿಎಸ್‌ಎನ್‌ಎಲ್‌ನ ಫೈಬರ್ ಸೇವೆಯನ್ನು ಮನೆಗೆ ತಲುಪಿಸುವವರು ಹೆಚ್ಚಾಗಿ ಸ್ಥಳೀಯ ಪಾಲುದಾರರು. ಅವರ ಜೊತೆಗೆ ಖಾಸಗಿ ಕಂಪನಿಗಳೂ ಊರಿನ ಕೇಬಲ್‌ನವರೂ ಇದ್ದಾರೆ.

ಇದರಿಂದ ಒಂದೇ ಮನೆಯಲ್ಲಿ ಎರಡು ಬಗೆಯ ಜಾಲ ಇರುವುದು ಸಾಮಾನ್ಯವಾಯಿತು. ಫೋನಿನ ಡೇಟಾದಲ್ಲಿ ಐಪಿವಿ6, ವೈಫೈಯಲ್ಲಿ ಐಪಿವಿ4 ಮಾತ್ರ. ಪುತ್ತೂರಿನ ಕಾಲೇಜಿನಲ್ಲಿ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದ ಲ್ಯಾಪ್‌ಟಾಪ್ ಸಂಜೆ ಮನೆಯ ಫೈಬರ್‌ಗೆ ಬರುತ್ತದೆ. ಒಂದು ಜಾಲದಲ್ಲಿ ಮಾಡಿಕೊಂಡ ಸೆಟ್ಟಿಂಗ್ ಇನ್ನೊಂದರಲ್ಲಿ ಕಾಟ ಕೊಡಲು ಇದೊಂದೇ ಸಾಕು. ಇನ್ನೊಂದೆಡೆ ಪಹಣಿ, ಪಡಿತರ, ಸೇವಾ ಸಿಂಧು ಅರ್ಜಿ, ಸಹಕಾರಿ ಸಂಘದ ವ್ಯವಹಾರ, ಅಡಿಕೆ ಧಾರಣೆ ಎಲ್ಲವೂ ಜಾಲದ ಮೇಲೆ ನಿಂತಿವೆ. ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಮರಳಿದರೆ ಅವರ ಒಂದು ದಿನದ ದುಡಿಮೆ ಹೋಯಿತು. ಕಾರಣ ಐದು ನಿಮಿಷದಲ್ಲಿ ಪತ್ತೆಯಾಗಬಹುದಾದದ್ದಾದರೆ ಅದನ್ನು ಪತ್ತೆ ಮಾಡುವ ವಿದ್ಯೆ ಊರಿನಲ್ಲೇ ಇರಬೇಕು.

ಎರಡು ಪ್ರಶ್ನೆ, ಎರಡು ಉತ್ತರ

ಒಂದು ಹೆಸರಿಗೆ ಡಿಎನ್‌ಎಸ್‌ನಲ್ಲಿ ಎರಡು ಬಗೆಯ ವಿಳಾಸ ದಾಖಲೆಗಳಿರಬಹುದು. ಐಪಿವಿ4 ವಿಳಾಸ ಇರುವುದು ಎ ದಾಖಲೆಯಲ್ಲಿ, ಐಪಿವಿ6 ವಿಳಾಸ ಇರುವುದು ಎಎಎಎ ದಾಖಲೆಯಲ್ಲಿ. ಇಂದಿನ ಕಂಪ್ಯೂಟರ್ ಮತ್ತು ಫೋನುಗಳು ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ಕೇಳುತ್ತವೆ. ಜಾಲದಲ್ಲಿ ಐಪಿವಿ6 ಇಲ್ಲವೆಂದು ತಿಳಿದ ಕೂಡಲೇ ಎರಡನೆಯ ಪ್ರಶ್ನೆಯನ್ನು ಕೈಬಿಡುವ ತಂತ್ರಾಂಶಗಳಿವೆ, ಆದರೆ ಎಲ್ಲವೂ ಹಾಗೆ ಮಾಡುವುದಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಪ್ರಶ್ನೆಯ ಬಗೆ ಬೇರೆ, ಪ್ರಶ್ನೆ ಸಾಗುವ ದಾರಿ ಬೇರೆ. ಎಎಎಎ ದಾಖಲೆಯನ್ನು ಐಪಿವಿ4 ದಾರಿಯಲ್ಲೇ ಕೇಳಬಹುದು, ಉತ್ತರವೂ ಅದೇ ದಾರಿಯಲ್ಲಿ ಬರುತ್ತದೆ. ಆದ್ದರಿಂದ ಐಪಿವಿ6 ಇಲ್ಲದ ಜಾಲದಲ್ಲಿ ಎಎಎಎ ಉತ್ತರ ಬಂದರೆ ಅದು ಅಚ್ಚರಿಯೂ ಅಲ್ಲ, ದೋಷವೂ ಅಲ್ಲ. ಐಪಿವಿ6ಗೆ ದಾರಿಯೇ ಇಲ್ಲವೆಂದು ಕಂಪ್ಯೂಟರ್‌ಗೆ ಗೊತ್ತಿದ್ದರೆ ಅದು ಆ ವಿಳಾಸವನ್ನು ಬದಿಗಿಟ್ಟು ತಕ್ಷಣ ಐಪಿವಿ4 ಹಿಡಿಯುತ್ತದೆ. ದಾರಿ ಇರುವಂತೆ ಕಂಡು ನಿಜವಾಗಿ ಇಲ್ಲದಿದ್ದರೂ ಬ್ರೌಸರ್‌ಗಳು ಒಂದನ್ನೇ ಕಾದು ಕೂರುವುದಿಲ್ಲ. 2012ರಲ್ಲಿ ಮೊದಲು ರೂಪುಗೊಂಡು 2017ರಲ್ಲಿ ಪರಿಷ್ಕೃತವಾದ ‘ಹ್ಯಾಪಿ ಐಬಾಲ್ಸ್’ ಎಂಬ ವಿಧಾನದಲ್ಲಿ ಐಪಿವಿ6 ಸಂಪರ್ಕ ಸುಮಾರು ಕಾಲು ಸೆಕೆಂಡಿನೊಳಗೆ ಸಿಗದಿದ್ದರೆ ಐಪಿವಿ4 ಪ್ರಯತ್ನವೂ ಜೊತೆಯಲ್ಲೇ ಆರಂಭವಾಗುತ್ತದೆ. ಬ್ರೌಸರ್ ಚೆನ್ನಾಗಿ ಓಡುತ್ತಿದ್ದರೂ ಬಿಲ್ಲಿಂಗ್ ತಂತ್ರಾಂಶ ಅಥವಾ ಸಿಸಿಟಿವಿ ಪೆಟ್ಟಿಗೆ ಮಾತ್ರ ತಡವರಿಸಲು ಒಂದು ಕಾರಣ ಇದು: ಅಂಥವುಗಳಲ್ಲಿ ಈ ಜಾಣ್ಮೆ ಇರುವುದಿಲ್ಲ.

ಹೆಸರಿಗೆ ಐಪಿವಿ6 ವಿಳಾಸ ಇಲ್ಲದಿದ್ದರೆ ಸರಿಯಾದ ಉತ್ತರ ಹೀಗಿರಬೇಕು: ‘ದೋಷವಿಲ್ಲ, ಹೆಸರು ಇದೆ, ಆದರೆ ಈ ಬಗೆಯ ದಾಖಲೆ ಇಲ್ಲ.’ ಇದು ಬೇಗ ಬಂದರೆ ಕಂಪ್ಯೂಟರ್ ಎ ದಾಖಲೆ ಹಿಡಿದು ಮುಂದುವರಿಯುತ್ತದೆ. ಇದರ ಬದಲು ಬರುವ ತಪ್ಪು ಉತ್ತರಗಳನ್ನು ಅಂತರಜಾಲದ ತಾಂತ್ರಿಕ ಸಮುದಾಯ 2005ರಷ್ಟು ಹಿಂದೆಯೇ ಪಟ್ಟಿ ಮಾಡಿತ್ತು. ಅವುಗಳಲ್ಲಿ ಮೂರು ಮುಖ್ಯ.

ಮೊದಲನೆಯದು ಮೌನ. ಹಳೆಯ ರೌಟರ್ ಅಥವಾ ಜಾಲವನ್ನು ಕಾಯುವ ಫೈರ್‌ವಾಲ್ ಎಎಎಎ ಪ್ರಶ್ನೆಯನ್ನು ನುಂಗಿಬಿಡುತ್ತದೆ, ಉತ್ತರವನ್ನೇ ಕೊಡುವುದಿಲ್ಲ. ಕೇಳಿದ ಯಂತ್ರ ಕಾಯುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ಈ ಕಾಯುವಿಕೆ ಸಾಮಾನ್ಯವಾಗಿ 5 ಸೆಕೆಂಡು. ಪ್ರತಿ ಹೊಸ ತಾಣಕ್ಕೂ ಒಂದೇ ಅಳತೆಯ ವಿಳಂಬ, ಆಮೇಲೆ ಪುಟ ಸರಾಗವಾಗಿ ತೆರೆಯುವುದು ಈ ದೋಷದ ಗುರುತು.

ಎರಡನೆಯದು ಸುಳ್ಳು ‘ಇಲ್ಲ’. ಐಪಿವಿ6 ದಾಖಲೆ ಇಲ್ಲ ಎನ್ನುವ ಬದಲು ‘ಈ ಹೆಸರೇ ಇಲ್ಲ’ ಎಂಬ ಉತ್ತರ ಬರುತ್ತದೆ. ತಾಂತ್ರಿಕ ಭಾಷೆಯಲ್ಲಿ ಇದು ಎನ್‌ಎಕ್ಸ್‌ಡೊಮೇನ್. ಹೆಸರೇ ಇಲ್ಲವೆಂದ ಮೇಲೆ ಎ ದಾಖಲೆ ಇದ್ದರೂ ಅದನ್ನು ಬಿಟ್ಟುಬಿಡುವ ತಂತ್ರಾಂಶಗಳಿವೆ. ಈ ಸುಳ್ಳು ನೆನಪಿನಲ್ಲಿ ಉಳಿಯುವುದರಿಂದ ತಾಣ ಒಮ್ಮೆ ತೆರೆದು ಇನ್ನೊಮ್ಮೆ ತೆರೆಯದಂತಾಗುತ್ತದೆ.

ಮೂರನೆಯದು ‘ಸರ್ವರ್ ವಿಫಲ’ ಎಂಬ ಉತ್ತರ, ಅಂದರೆ ಸರ್ವ್‌ಫೇಲ್. ಇದು ಬಂದಾಗ ಯಂತ್ರ ಪಟ್ಟಿಯ ಮುಂದಿನ ರಿಸಾಲ್ವರನ್ನು ಕೇಳುತ್ತದೆ, ಅಲ್ಲೂ ಅದೇ ಆದರೆ ಕೈಚೆಲ್ಲುತ್ತದೆ.

ಪರೀಕ್ಷೆಯ ಕ್ರಮ

ದೋಷ ಹುಡುಕುವಾಗ ಹತ್ತಿರದಿಂದ ದೂರಕ್ಕೆ, ಒಮ್ಮೆಗೆ ಒಂದೇ ಅಂಶವನ್ನು ಪರೀಕ್ಷಿಸುತ್ತ ಹೋಗಬೇಕು. ಎಲ್ಲಕ್ಕಿಂತ ಮೊದಲು ಫೈಬರ್ ಮೋಡೆಮ್‌ನ ದೀಪ ನೋಡಬೇಕು. ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ. ಗಾಳಿಮಳೆಗೆ ಕೊಂಬೆ ಬಿದ್ದು ಫೈಬರ್ ತುಂಡಾದಾಗ ಕಾಣುವುದು ಇದೇ. ಅದು ಆಪರೇಟರ್ ಬಂದು ಸರಿಮಾಡಬೇಕಾದ ಕೆಲಸ, ಹೆಸರಿನ ಪರೀಕ್ಷೆಗೆ ಅಲ್ಲಿ ಅರ್ಥವಿಲ್ಲ.

ದೀಪ ಸರಿಯಿದ್ದರೆ ಹೆಸರಿನ ಗೊಡವೆಯಿಲ್ಲದೆ ನೇರ ಸಂಖ್ಯೆಗೆ ಪಿಂಗ್ ಮಾಡಬೇಕು, ಅಂದರೆ ‘ಇದ್ದೀಯಾ’ ಎಂದು ಕೇಳುವ ಸಣ್ಣ ಸಂದೇಶ ಕಳುಹಿಸಬೇಕು. ಗೂಗಲ್ 2009ರಿಂದ ನಡೆಸುತ್ತಿರುವ ಸಾರ್ವಜನಿಕ ರಿಸಾಲ್ವರ್ 8.8.8.8 ಇದಕ್ಕೆ ಅನುಕೂಲ. ಉತ್ತರ ಬಂದರೆ ಐಪಿವಿ4 ಲೈನ್ ಜೀವಂತವಾಗಿದೆ. ಉತ್ತರ ಬಂದೂ ತಾಣಗಳು ತೆರೆಯದಿದ್ದರೆ ಸಂಶಯ ಹೆಸರು ಹುಡುಕಾಟದ ಮೇಲೆ ಗಟ್ಟಿಯಾಗುತ್ತದೆ. ಇದೇ ಹೊತ್ತಿಗೆ ಕಂಪ್ಯೂಟರ್‌ನ ದಿನಾಂಕವನ್ನೂ ನೋಡುವುದು ಒಳ್ಳೆಯದು. ಪದೇ ಪದೇ ಕರೆಂಟ್ ಹೋಗುವ ಕಡೆ ಒಳಗಿನ ಸಣ್ಣ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ಹಿಂದಿನ ವರ್ಷಗಳ ದಿನಾಂಕ ತೋರಿಸುತ್ತದೆ. ಆಗ ತಾಣದ ಭದ್ರತಾ ಪ್ರಮಾಣಪತ್ರ ಹೊಂದಿಕೆಯಾಗದೆ ಪುಟ ತೆರೆಯುವುದಿಲ್ಲ. ಅದು ಡಿಎನ್‌ಎಸ್ ದೋಷವಲ್ಲ.

ಮೂರನೆಯ ಹಂತದಲ್ಲಿ ಕಂಪ್ಯೂಟರ್ ಯಾರನ್ನು ಕೇಳುತ್ತಿದೆ ಎಂದು ತಿಳಿಯಬೇಕು. ವಿಂಡೋಸ್‌ನಲ್ಲಿ ಐಪಿಕಾನ್‌ಫಿಗ್ ಆಜ್ಞೆಗೆ ‘ಆಲ್’ ಸೇರಿಸಿದರೆ ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ಕಾಣುತ್ತದೆ. ಅಲ್ಲಿ ಚುಕ್ಕಿಗಳಿರುವ ಐಪಿವಿ4 ವಿಳಾಸಗಳ ಜೊತೆ ಒಂದರ ಮೇಲೊಂದಾಗಿ ಎರಡು ಚುಕ್ಕಿಗಳಿರುವ ಐಪಿವಿ6 ವಿಳಾಸವೂ ಇದೆಯೇ ಎಂದು ಗಮನಿಸಬೇಕು. ಎಫ್‌ಇ80 ಎಂದು ಆರಂಭವಾಗುವ ವಿಳಾಸ ಮನೆಯೊಳಗಿನ ಜಾಲಕ್ಕೆ ಮಾತ್ರ ಸೀಮಿತ. ಐಪಿವಿ6 ಸಂಪರ್ಕವಿಲ್ಲದ ಕಡೆಯೂ ಯಂತ್ರಗಳು ಅದನ್ನು ತಾವಾಗಿಯೇ ರಚಿಸಿಕೊಳ್ಳುತ್ತವೆ. ಆದ್ದರಿಂದ ಯಂತ್ರದ ವಿಳಾಸಗಳಲ್ಲಿ ಅದು ಕಂಡ ಮಾತ್ರಕ್ಕೆ ‘ನಮ್ಮಲ್ಲಿ ಐಪಿವಿ6 ಇದೆ’ ಎಂದುಕೊಳ್ಳಬಾರದು. ಹೊರಜಗತ್ತಿಗೆ ಹೋಗಬಲ್ಲ ಐಪಿವಿ6 ವಿಳಾಸ ಸದ್ಯ 2 ಅಥವಾ 3ರಿಂದ ಆರಂಭವಾಗುತ್ತದೆ. ಅಂಥ ವಿಳಾಸ ಯಂತ್ರಕ್ಕೆ ಇಲ್ಲದಿದ್ದು, ಡಿಎನ್‌ಎಸ್ ಪಟ್ಟಿಯಲ್ಲಿ ಮಾತ್ರ ಹೊರಗಿನ ಐಪಿವಿ6 ಸರ್ವರ್ ಇದ್ದರೆ ದೋಷ ಸಿಕ್ಕಿದಂತೆಯೇ: ತಲುಪಲಾಗದ ಸರ್ವರನ್ನು ಕೇಳಿ ಕಾಯುವುದರಲ್ಲೇ ಕಾಲ ಕಳೆಯುತ್ತಿದೆ.

ನಾಲ್ಕನೆಯದು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳುವುದು. ವಿಂಡೋಸ್‌ನಲ್ಲಿ ಎನ್‌ಎಸ್‌ಲುಕಪ್, ಲಿನಕ್ಸ್‌ನಲ್ಲಿ ಡಿಗ್ ಇದಕ್ಕಿರುವ ಆಜ್ಞೆಗಳು. ಒಂದೇ ಹೆಸರಿನ ಎ ದಾಖಲೆಯನ್ನು ಒಮ್ಮೆ, ಎಎಎಎ ದಾಖಲೆಯನ್ನು ಇನ್ನೊಮ್ಮೆ ಕೇಳಿ ಉತ್ತರದ ಬಗೆ ಮತ್ತು ಹಿಡಿದ ಸಮಯ ಎರಡನ್ನೂ ಬರೆದಿಡಬೇಕು. ಡಿಗ್ ಮಿಲಿಸೆಕೆಂಡುಗಳ ಲೆಕ್ಕ ಕೊಡುತ್ತದೆ. ಎ ಉತ್ತರ ಕೂಡಲೇ ಬಂದು ಎಎಎಎ ಪ್ರಶ್ನೆಗೆ ‘ಟೈಮ್ಡ್ ಔಟ್’ ಎಂದು ಕಂಡರೆ ಅದು ಮೌನದ ದೋಷ. ಎ ದಾಖಲೆ ಇರುವ ಹೆಸರಿಗೆ ಎಎಎಎ ಕೇಳಿದಾಗ ಎನ್‌ಎಕ್ಸ್‌ಡೊಮೇನ್ ಬಂದರೆ ಅದು ಸುಳ್ಳು ‘ಇಲ್ಲ’. ದೋಷವಿಲ್ಲ, ಉತ್ತರಗಳ ಸಂಖ್ಯೆ ಸೊನ್ನೆ ಎಂದು ಬಂದರೆ ಎಲ್ಲವೂ ಸರಿ.

ಐದನೆಯದು ಅದೇ ಪ್ರಶ್ನೆಗಳನ್ನು ಬೇರೆ ಬೇರೆ ಕಡೆ ಕೇಳುವುದು. ಮೊದಲು ಮನೆಯ ರೌಟರನ್ನು, ಬಳಿಕ ಕಂಪನಿಯ ರಿಸಾಲ್ವರನ್ನು, ಕೊನೆಗೆ 8.8.8.8 ಅಥವಾ ಕ್ಲೌಡ್‌ಫ್ಲೇರ್ 2018ರಲ್ಲಿ ಆರಂಭಿಸಿದ 1.1.1.1 ಸರ್ವರನ್ನು ಕೇಳಬೇಕು. ರೌಟರ್ ಮಾತ್ರ ತಪ್ಪಿದರೆ ದೋಷ ರೌಟರ್‌ನದ್ದು. ಕಂಪನಿಯ ರಿಸಾಲ್ವರ್ ತಪ್ಪಿ ಸಾರ್ವಜನಿಕ ರಿಸಾಲ್ವರ್ ಸರಿಯಿದ್ದರೆ ದೋಷ ಕಂಪನಿಯದ್ದು. ಎಲ್ಲ ಕಡೆಯೂ ಒಂದೇ ಹೆಸರು ಮಾತ್ರ ತಪ್ಪಿ ಉಳಿದವು ಸರಿಯಿದ್ದರೆ ಆ ತಾಣದ ಸ್ವಂತ ಸರ್ವರ್‌ನಲ್ಲಿ ತೊಂದರೆ ಇದೆ. ಆಗ ಮಾತ್ರ ‘ಸರ್ವರ್ ಇಲ್ಲ’ ಎಂಬ ಮಾತು ಸತ್ಯಕ್ಕೆ ಹತ್ತಿರ.

ಎನ್‌ಎಸ್‌ಲುಕಪ್ ಸರಿಯಾದ ಉತ್ತರ ಕೊಟ್ಟೂ ಬ್ರೌಸರ್ ತೆರೆಯದಿದ್ದರೆ ಇನ್ನೆರಡು ಕಡೆ ನೋಡಬೇಕು. ಈ ಆಜ್ಞೆ ಕಂಪ್ಯೂಟರ್‌ನ ನೆನಪನ್ನು ಬಳಸದೆ ನೇರವಾಗಿ ಸರ್ವರನ್ನು ಕೇಳುತ್ತದೆ. ಹಾಗಾಗಿ ಹಳೆಯ ತಪ್ಪು ಉತ್ತರ ನೆನಪಿನಲ್ಲಿ ಉಳಿದಿರಬಹುದು, ಅದನ್ನು ಅಳಿಸಬೇಕು. ಇಲ್ಲವೇ ಬ್ರೌಸರ್ ತನ್ನದೇ ಗುಪ್ತ ಡಿಎನ್‌ಎಸ್ ಬಳಸುತ್ತಿರಬಹುದು. ಆಂಡ್ರಾಯ್ಡ್ 9ರಿಂದ ಫೋನುಗಳಲ್ಲೂ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆ ಇದೆ. ಅದಕ್ಕೆ ನಿರ್ದಿಷ್ಟ ಸರ್ವರ್ ಹೆಸರು ಕೊಟ್ಟಿದ್ದು, ವೈಫೈ ಜಾಲ ಆ ದಾರಿಯನ್ನು ತಡೆದರೆ ಮೊಬೈಲ್ ಡೇಟಾದಲ್ಲಿ ಓಡುವ ಫೋನ್ ವೈಫೈಯಲ್ಲಿ ನಿಲ್ಲುತ್ತದೆ.

ದೋಷ ಇರುವ ಕಡೆಯೇ ಪರಿಹಾರ

ಕಂಪ್ಯೂಟರ್‌ನಲ್ಲಿ ಕೈಯಾರೆ ತುಂಬಿದ ಐಪಿವಿ6 ಡಿಎನ್‌ಎಸ್ ವಿಳಾಸ ಉಳಿದಿದ್ದರೆ ಅದನ್ನು ತೆಗೆದು ‘ತಾನಾಗಿ ಪಡೆಯುವುದು’ ಎಂಬ ಆಯ್ಕೆಗೆ ಮರಳಿಸಬೇಕು. ಹಾಟ್‌ಸ್ಪಾಟ್ ಮತ್ತು ಫೈಬರ್ ನಡುವೆ ಓಡಾಡುವ ಲ್ಯಾಪ್‌ಟಾಪ್‌ಗಳಿಗೆ ಇದು ಮುಖ್ಯ. ಪ್ರತಿ ಜಾಲವೂ ತನಗೆ ಹೊಂದುವ ಡಿಎನ್‌ಎಸ್ ವಿಳಾಸವನ್ನು ತಾನೇ ಕೊಡುತ್ತದೆ.

ರೌಟರ್ ಎಎಎಎ ಪ್ರಶ್ನೆಯನ್ನು ನುಂಗುತ್ತಿದ್ದರೆ ಮೊದಲು ಅದರ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ನವೀಕರಿಸಬೇಕು. ಅದು ಸಾಧ್ಯವಾಗದಿದ್ದರೆ ರೌಟರನ್ನು ನಡುವಿನಿಂದ ಬಿಡಿಸಬೇಕು. ಮನೆಯ ಯಂತ್ರಗಳಿಗೆ ವಿಳಾಸ ಹಂಚುವ, ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ಸರ್ವರ್ ಎಂಬಲ್ಲಿ ಕಂಪನಿಯ ರಿಸಾಲ್ವರ್ ಅಥವಾ ನಂಬಿಕೆಯ ಸಾರ್ವಜನಿಕ ರಿಸಾಲ್ವರ್‌ನ ಐಪಿವಿ4 ವಿಳಾಸ ಬರೆದರೆ ಮನೆಯ ಎಲ್ಲ ಯಂತ್ರಗಳೂ ಅದನ್ನು ನೇರವಾಗಿ ಕೇಳುತ್ತವೆ. ಒಂದೊಂದು ಯಂತ್ರವನ್ನೂ ಬೇರೆಯಾಗಿ ತಿದ್ದುವ ಅಗತ್ಯ ಬೀಳುವುದಿಲ್ಲ.

ಹೊರಗಡೆ ಐಪಿವಿ6 ಇಲ್ಲದಿದ್ದರೂ ಮನೆಯೊಳಗೆ ಅದನ್ನು ಸಾರುವ ರೌಟರ್‌ಗಳೂ ಇವೆ. ಅವು ‘ಐಪಿವಿ6 ದಾರಿ ನನ್ನ ಮೂಲಕ ಇದೆ, ಡಿಎನ್‌ಎಸ್ ಕೂಡ ನನ್ನನ್ನೇ ಕೇಳಿ’ ಎಂದು ಎಲ್ಲ ಯಂತ್ರಗಳಿಗೂ ತಿಳಿಸುತ್ತವೆ. ಯಂತ್ರಗಳು ನಂಬಿ ಕಳುಹಿಸಿದ್ದು ಎಲ್ಲಿಗೂ ಮುಟ್ಟುವುದಿಲ್ಲ. ಕಂಪನಿ ಐಪಿವಿ6 ಕೊಡುವವರೆಗೆ ರೌಟರ್‌ನ ಒಳಜಾಲದ ಐಪಿವಿ6 ಪುಟದಲ್ಲಿ ಈ ಸಾರುವಿಕೆಯನ್ನು ನಿಲ್ಲಿಸಬೇಕು. ಯಾವ ದಾರಿಯೂ ಇಲ್ಲವೆಂದು ಗೊತ್ತಾದ ಯಂತ್ರ ತಡಮಾಡದೆ ಐಪಿವಿ4 ಹಿಡಿಯುತ್ತದೆ.

ಲಿನಕ್ಸ್ ಯಂತ್ರಗಳಲ್ಲಿ ಮಾತ್ರ 5 ಸೆಕೆಂಡಿನ ವಿಳಂಬ ಕಂಡರೆ ಕಾರಣ ಬೇರೆಯಿರಬಹುದು. ಎ ಮತ್ತು ಎಎಎಎ ಪ್ರಶ್ನೆಗಳೆರಡೂ ಒಂದೇ ಕಿಂಡಿಯಿಂದ ಒಟ್ಟಿಗೆ ಹೊರಡುತ್ತವೆ. ಮೊದಲ ಉತ್ತರ ಬಂದ ಕೂಡಲೇ ಕಿಂಡಿ ಮುಚ್ಚುವ ಫೈರ್‌ವಾಲ್ ಇದ್ದರೆ ಎರಡನೆಯ ಉತ್ತರ ಹೊರಗೇ ಉಳಿಯುತ್ತದೆ. ರಿಸಾಲ್ವರ್ ಸೆಟ್ಟಿಂಗ್ ಕಡತದಲ್ಲಿ ‘ಸಿಂಗಲ್-ರಿಕ್ವೆಸ್ಟ್’ ಎಂಬ ಆಯ್ಕೆ ಸೇರಿಸಿದರೆ ಪ್ರಶ್ನೆಗಳು ಒಂದಾದ ಮೇಲೊಂದು ಹೋಗುತ್ತವೆ. ‘ಸಿಂಗಲ್-ರಿಕ್ವೆಸ್ಟ್-ರೀಓಪನ್’ ಎಂದರೆ ಎರಡನೆಯದಕ್ಕೆ ಹೊಸ ಕಿಂಡಿಯೇ ತೆರೆಯುತ್ತದೆ.

ಸ್ವಂತ ರಿಸಾಲ್ವರ್ ಇರುವ ಸಂಸ್ಥೆಗಳು

ಕಾಲೇಜು, ಆಸ್ಪತ್ರೆ, ದೊಡ್ಡ ಸಹಕಾರಿ ಸಂಸ್ಥೆಗಳು ಸ್ವಂತ ರಿಸಾಲ್ವರ್ ಇಟ್ಟುಕೊಳ್ಳುವುದುಂಟು. ಬೈಂಡ್ ಎಂಬ ತಂತ್ರಾಂಶವನ್ನು ಐಪಿವಿ6 ಇಲ್ಲದ ಜಾಲದಲ್ಲಿ ಸ್ಥಾಪಿಸಿದಾಗ ಅದರ ದಿನಚರಿ ಕಡತದಲ್ಲಿ ‘ನೆಟ್‌ವರ್ಕ್ ಅನ್‌ರೀಚಬಲ್’ ಎಂಬ ಸಾಲುಗಳು ತುಂಬತೊಡಗುತ್ತವೆ. 2008ರ ಫೆಬ್ರವರಿ 4ರಿಂದ ಮೂಲ ಸರ್ವರ್‌ಗಳಿಗೆ ಐಪಿವಿ6 ವಿಳಾಸಗಳೂ ಸೇರುತ್ತ ಬಂದಿವೆ. ಬೈಂಡ್ ಆ ವಿಳಾಸಗಳನ್ನೂ ಪ್ರಯತ್ನಿಸಿ ಸೋಲುತ್ತದೆ. ದಾರಿಯೇ ಇಲ್ಲದಿದ್ದಾಗ ಸೋಲು ತಕ್ಷಣ ಗೊತ್ತಾಗುವುದರಿಂದ ಹುಡುಕಾಟ ಹೆಚ್ಚು ತಡವಾಗದು, ಕಡತ ಮಾತ್ರ ಬೆಳೆಯುತ್ತದೆ. ಎಲ್ಲಿಗೂ ಮುಟ್ಟದ ಸುಳ್ಳು ದಾರಿಯೊಂದು ಇದ್ದರೆ ಪ್ರತಿ ಪ್ರಯತ್ನವೂ ಕಾದು ಕಾದು ಸೋಲುತ್ತದೆ, ಬಳಕೆದಾರರಿಗೆ ವಿಳಂಬ ತಟ್ಟುತ್ತದೆ. ಬೈಂಡ್ ಆರಂಭವಾಗುವಾಗ ‘-4’ ಆಯ್ಕೆ ಕೊಟ್ಟರೆ ಅದು ಐಪಿವಿ4 ದಾರಿಯನ್ನಷ್ಟೇ ಬಳಸುತ್ತದೆ. ಐಪಿವಿ6ನಲ್ಲಿ ಪ್ರಶ್ನೆ ಸ್ವೀಕರಿಸುವುದನ್ನು ನಿಲ್ಲಿಸುವ ಸೆಟ್ಟಿಂಗ್ ಇದಕ್ಕೆ ಬದಲಿಯಲ್ಲ, ಏಕೆಂದರೆ ಹೊರಹೋಗುವ ಪ್ರಶ್ನೆಗಳನ್ನು ಅದು ತಡೆಯುವುದಿಲ್ಲ. ಅನ್‌ಬೌಂಡ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ‘ಡು-ಐಪಿ6’ ಎಂಬುದಕ್ಕೆ ‘ನೋ’ ಎಂದು ಬರೆದರೆ ಸಾಕು. ಈ ಎರಡೂ ಬದಲಾವಣೆಗಳು ಪ್ರಶ್ನೆ ಸಾಗುವ ದಾರಿಗೆ ಸಂಬಂಧಿಸಿದವು. ಎಎಎಎ ದಾಖಲೆ ಕೇಳಿದವರಿಗೆ ಅದು ಎಂದಿನಂತೆ ಸಿಗುತ್ತದೆ.

ಉತ್ತರದ ಗಾತ್ರವನ್ನೂ ಗಮನಿಸಬೇಕು. ದೊಡ್ಡ ಉತ್ತರಗಳು ದಾರಿಯಲ್ಲಿ ತುಂಡಾಗುತ್ತವೆ, ತುಂಡುಗಳನ್ನು ಬಿಸಾಡುವ ಉಪಕರಣಗಳಿವೆ. 2020ರ ಅಕ್ಟೋಬರ್‌ನಲ್ಲಿ ಡಿಎನ್‌ಎಸ್ ತಂತ್ರಾಂಶಗಳ ತಯಾರಕರು 1232 ಬೈಟ್‌ಗಳ ಮಿತಿಯನ್ನು ಶಿಫಾರಸು ಮಾಡಿದರು. ಅದನ್ನು ಮೀರಿದರೆ ಎಂದಿನ ಯುಡಿಪಿ ಬಿಟ್ಟು ಟಿಸಿಪಿ ಎಂಬ ಇನ್ನೊಂದು ದಾರಿಯಲ್ಲಿ ಮತ್ತೆ ಕೇಳಬೇಕು. ಆದ್ದರಿಂದ ಫೈರ್‌ವಾಲ್‌ನಲ್ಲಿ ಡಿಎನ್‌ಎಸ್ ಬಳಸುವ 53ನೇ ಪೋರ್ಟ್ ಯುಡಿಪಿಗೂ ಟಿಸಿಪಿಗೂ ತೆರೆದಿರಬೇಕು.

ಮಾಡಬಾರದ ರಿಪೇರಿ

‘ಐಪಿವಿ6 ಆಫ್ ಮಾಡಿಬಿಡಿ’ ಎಂಬುದು ಎಲ್ಲೆಡೆ ಸಿಗುವ ಸುಲಭ ಸಲಹೆ. ವಿಂಡೋಸ್‌ನಲ್ಲಿ ಅದನ್ನು ಪೂರ್ತಿ ನಿಲ್ಲಿಸದಂತೆ ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳುತ್ತದೆ. ನಿಲ್ಲಿಸುವ ಬದಲು ಐಪಿವಿ4ಗೆ ಮೊದಲ ಆದ್ಯತೆ ಕೊಡುವ ಸೆಟ್ಟಿಂಗ್ ಇದೆ. ಪೂರ್ತಿ ನಿಲ್ಲಿಸಿದ ಲ್ಯಾಪ್‌ಟಾಪ್ ನಾಳೆ ಐಪಿವಿ6 ಇರುವ ಜಾಲಕ್ಕೆ ಹೋದಾಗ ಅಲ್ಲಿನ ಅನುಕೂಲವನ್ನು ಕಳೆದುಕೊಳ್ಳುತ್ತದೆ. ಮನೆಗೆ ಐಪಿವಿ6 ಬಂದ ದಿನವೂ ಅದು ಹಳೆಯದರಲ್ಲೇ ಉಳಿಯುತ್ತದೆ. ರಿಸಾಲ್ವರ್‌ನಲ್ಲಿ ಎಎಎಎ ಉತ್ತರಗಳನ್ನೆಲ್ಲ ಸೋಸಿ ತೆಗೆಯುವ ಆಯ್ಕೆಗಳೂ ಇವೆ. ಬದಲಿಸಲಾಗದ ಹಳೆಯ ಉಪಕರಣಗಳಿರುವ ಕಡೆ, ಬೇರೆ ದಾರಿ ಇಲ್ಲದಾಗ ಮಾತ್ರ ಅವು ತಕ್ಕವು.

ಕಂಡ ಕಂಡ ಡಿಎನ್‌ಎಸ್ ವಿಳಾಸವನ್ನು ರೌಟರ್‌ಗೆ ತುಂಬುವುದು ಇನ್ನೂ ದೊಡ್ಡ ಅಪಾಯ. ಹೆಸರಿಗೆ ಸಂಖ್ಯೆ ಹೇಳುವವರು ಮೋಸಗಾರರಾದರೆ ಬ್ಯಾಂಕಿನ ಹೆಸರು ಬರೆದವರನ್ನು ನಕಲಿ ತಾಣಕ್ಕೆ ಒಯ್ಯಬಲ್ಲರು. ಯಂತ್ರಗಳ ಡಿಎನ್‌ಎಸ್ ಸೆಟ್ಟಿಂಗನ್ನು ಗುಟ್ಟಾಗಿ ಬದಲಿಸುತ್ತಿದ್ದ ‘ಡಿಎನ್‌ಎಸ್ ಚೇಂಜರ್’ ಜಾಲವನ್ನು ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಭೇದಿಸಿತು. ಅಷ್ಟರಲ್ಲಿ ಹಲವು ದೇಶಗಳ ಲಕ್ಷಾಂತರ ಯಂತ್ರಗಳು ಅದಕ್ಕೆ ತುತ್ತಾಗಿದ್ದವು. ರೌಟರ್‌ನೊಂದಿಗೆ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಮನೆಗಳಿಗೆ ಈ ಅಪಾಯ ಇಂದಿಗೂ ಇದೆ.

ದೂರು ಹೇಳುವ ಬಗೆ

ದೋಷ ಮನೆಯ ಹೊರಗಿದ್ದರೆ ಅದನ್ನು ಸರಿಮಾಡಬೇಕಾದವರು ಸಂಪರ್ಕ ಕೊಟ್ಟವರು. ‘ನೆಟ್ ಇಲ್ಲ’ ಎಂದಷ್ಟೇ ಹೇಳಿದರೆ ಆಪರೇಟರ್ ಬಂದು ಫೈಬರ್ ಬೆಳಕು ಅಳೆದು, ಸರಿಯಿದೆ ಎಂದು ಹೋಗುತ್ತಾರೆ. ಅವರಿಗೆ ಬೇಕಾದ ಮಾಹಿತಿ ಇಷ್ಟು: 8.8.8.8ಗೆ ಪಿಂಗ್ ಹೋಗುತ್ತದೆಯೇ, ಯಾವ ರಿಸಾಲ್ವರನ್ನು ಕೇಳಲಾಯಿತು, ಎ ಮತ್ತು ಎಎಎಎ ಪ್ರಶ್ನೆಗಳಿಗೆ ಪ್ರತ್ಯೇಕವಾಗಿ ಯಾವ ಉತ್ತರ ಬಂತು, ಎಷ್ಟು ಹೊತ್ತು ಹಿಡಿಯಿತು, ಅದೇ ಪ್ರಶ್ನೆ ಸಾರ್ವಜನಿಕ ರಿಸಾಲ್ವರ್‌ನಲ್ಲಿ ಸರಿಯಾಯಿತೇ, ದೋಷ ದಿನವಿಡೀ ಇದೆಯೇ ಅಥವಾ ಸಂಜೆ ಮಾತ್ರವೇ. ಸಂಜೆ ಮಾತ್ರ ಕಂಡರೆ ವಿಳಾಸ ಹಂಚಿಕೆಯ ಉಪಕರಣದ ಮೇಲೆ ಹೊರೆ ಹೆಚ್ಚಿರುವ ಸಾಧ್ಯತೆಯನ್ನು ಅವರು ಪರೀಕ್ಷಿಸಬಹುದು. ಗ್ರಾಮ ಪಂಚಾಯತ್, ಶಾಲೆ, ಸಹಕಾರಿ ಸಂಘಗಳಲ್ಲಿ ಈ ಕ್ರಮ ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರ್ ಬಳಿ ಇದ್ದರೆ, ಅಲ್ಲಿನ ಸಿಬ್ಬಂದಿಯೇ ಪರೀಕ್ಷೆ ಮಾಡಿ ತಿಳಿಸಬಲ್ಲರು.

ಇವೆಲ್ಲ ಪರಿವರ್ತನೆಯ ಕಾಲದ ಪರಿಹಾರಗಳು. ಶಾಶ್ವತ ಪರಿಹಾರ ತಂತಿ ಸಂಪರ್ಕಗಳಿಗೂ ಐಪಿವಿ6 ಬರುವುದು. ದೂರಸಂಪರ್ಕ ಇಲಾಖೆ 2021ರಲ್ಲಿ ಪರಿಷ್ಕರಿಸಿದ ವೇಳಾಪಟ್ಟಿಯಂತೆ ಸೇವಾದಾರರು 2022ರ ಡಿಸೆಂಬರ್ 31ರೊಳಗೆ ಹೊಸ ತಂತಿ ಸಂಪರ್ಕಗಳನ್ನೂ ಮೋಡೆಮ್, ರೌಟರ್‌ಗಳನ್ನೂ ಐಪಿವಿ6ಗೆ ಸಜ್ಜುಗೊಳಿಸಬೇಕಿತ್ತು. ಆದ್ದರಿಂದ ಹೊಸ ಸಂಪರ್ಕ ಪಡೆಯುವವರು, ಹಳೆಯ ಮೋಡೆಮ್ ಬದಲಿಸುವವರು ವೇಗ ಮತ್ತು ದರದ ಜೊತೆಗೆ ಐಪಿವಿ6 ಇದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಹೌದು ಎಂದರೆ ಮೋಡೆಮ್‌ನಲ್ಲಿ ಅದನ್ನು ಚಾಲೂ ಮಾಡಿಸಿ, 2 ಅಥವಾ 3ರಿಂದ ಆರಂಭವಾಗುವ ವಿಳಾಸ ಕಂಪ್ಯೂಟರ್‌ಗೆ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲ ಎಂದರೆ, ಒಳಜಾಲದಲ್ಲಿ ಐಪಿವಿ6 ಸಾರುವಿಕೆ ನಿಂತಿದೆಯೇ ಮತ್ತು ಎಎಎಎ ಪ್ರಶ್ನೆಗೆ ತಡವಿಲ್ಲದೆ ಸರಿಯಾದ ‘ಇಲ್ಲ’ ಬರುತ್ತಿದೆಯೇ ಎಂದು ಅವರ ಎದುರಿನಲ್ಲೇ ಪರೀಕ್ಷಿಸಿಕೊಂಡರೆ ಆ ಸಂಪರ್ಕ ಐಪಿವಿ4ನಲ್ಲೇ ಹೆಸರಿನ ತೊಡಕಿಲ್ಲದೆ ಕೆಲಸ ಮಾಡುತ್ತದೆ.